ಮುಗಿಸಿದವರು, ಮುಗಿಸದವರು, ಇನ್ನೂ ಮುಗಿಸುತ್ತಿರುವವರು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ದಿನ ನಮ್ಮಂಥ ಬಿಡಿ ಸುದ್ದಿಗಾರರಿಗೆ ಊಟದ ಹೊತ್ತೇ ಇರುವುದಿಲ್ಲ. ಜಿಲ್ಲೆಗೆ ಎಷ್ಟನೇ ಸ್ಥಾನ, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ, ಯಾವ ತಾಲ್ಲೂಕು ಮುಂದೆ, ಟಾಪರ್ ಮನೆ ಯಾವ ಊರಲ್ಲಿ, ಅಪ್ಪ ಅಮ್ಮ ಬಾಯಿಗೆ ಸಿಹಿ ಹಾಕುವ ಫೋಟೊ ಸಿಕ್ಕಿತೇ, ಇಷ್ಟನ್ನೂ ಸಂಜೆಯೊಳಗೆ ಡೆಸ್ಕಿಗೆ ಮುಟ್ಟಿಸಬೇಕು. ಕೈಗೆ ಸಿಗುವ ಹಾಳೆಯಲ್ಲಿ ಹೊಸಬರು, ಪುನರಾವರ್ತಿತರು, ಖಾಸಗಿ ಅಭ್ಯರ್ಥಿಗಳು ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಒಬ್ಬ ವಿದ್ಯಾರ್ಥಿ ಶುರು ಮಾಡಿದ ದಿನದಿಂದ ಮುಗಿಸಿದ ದಿನದವರೆಗೆ ಎಷ್ಟು ಕಾಲ ಹಿಡಿಯಿತು ಎಂಬ ಸಾಲು ಮಾತ್ರ ಅದರಲ್ಲಿರುವುದಿಲ್ಲ.

ಆ ಸಾಲಿನ ಬಗ್ಗೆ ನಾನು ಯೋಚಿಸುವಂತೆ ಮಾಡಿದವಳು ದೊಡ್ಡಮ್ಮನ ಮಗಳು. ಅಕ್ಕ ಇಲ್ಲೇ ಬಿ.ಎ. ಮಾಡಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವಳು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮಕ್ಕಳ ಬೆಳವಣಿಗೆ ಕುರಿತ ಸಂಜೆ ತರಗತಿಗೆ ಸೇರಿದಳು. ಒಂದು ಸೆಮಿಸ್ಟರಿಗೆ ಒಂದು ವಿಷಯ, ಕೈ ಬಿಡುವಾದರೆ ಎರಡು. ದೊಡ್ಡಮ್ಮನ ಮಂಡಿ ಆಪರೇಷನ್ ಆದಾಗ ಊರಿಗೆ ಬಂದು ಒಂದು ಸೆಮಿಸ್ಟರ್ ಬಿಟ್ಟಳು. ವಾಪಸ್ ಹೋಗಿ ಮತ್ತೆ ಸೇರಿದಳು. ಒಂದು ದಿನ ಫೋನಿನಲ್ಲಿ ಕೇಳಿದಳು: "ನಮ್ಮ ಕಾಲೇಜಲ್ಲಿ ನೂರಕ್ಕೆ ಮೂವತ್ತು ಜನ ಮಾತ್ರ ಮುಗಿಸೋದಂತೆ. ವೆಬ್‌ಸೈಟಲ್ಲೇ ಹಾಕಿದಾರೆ. ನಾನು ಮಿಕ್ಕ ಎಪ್ಪತ್ತರಲ್ಲಿ ಸೇರ್ತೀನಾ? ನೀನು ಪೇಪರಿನವನಲ್ವಾ, ಸ್ವಲ್ಪ ಹುಡುಕಿ ಹೇಳು."

ಹುಡುಕಿದೆ. ಅಕ್ಕ ಮೂವತ್ತರಲ್ಲೂ ಇರಲಿಲ್ಲ, ಎಪ್ಪತ್ತರಲ್ಲೂ ಇರಲಿಲ್ಲ. ಆ ನೂರರ ಲೆಕ್ಕಕ್ಕೇ ಅವಳು ಸೇರಿರಲಿಲ್ಲ.

ಕಮ್ಯುನಿಟಿ ಕಾಲೇಜು ಎಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದ ಜೂನಿಯರ್ ಕಾಲೇಜನ್ನು ಇವುಗಳ ಮೂಲ ಎನ್ನುತ್ತಾರೆ. ಇಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮತ್ತು ಅದಕ್ಕಿಂತ ಚಿಕ್ಕ ಸರ್ಟಿಫಿಕೇಟ್ ಕೋರ್ಸುಗಳಿರುತ್ತವೆ. ಇಲ್ಲಿ ಒಂದಷ್ಟು ಓದಿ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳುವವರೂ ಬಹಳ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಸರ್ಕಾರಿ ಕಾಲೇಜುಗಳಿವೆ. ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಪ್ರವೇಶಕ್ಕೆ ಮೆರಿಟ್ ಪಟ್ಟಿಯ ಕಾಟವಿಲ್ಲ. ನಮ್ಮ ಕಡೆಯ ಸಂಜೆ ಕಾಲೇಜು, ಐಟಿಐ, ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ ಮೂರನ್ನೂ ಒಂದೇ ಕಾಂಪೌಂಡಿನೊಳಗೆ ತಂದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಹದಿನೆಂಟರ ಹುಡುಗನ ಪಕ್ಕದ ಬೆಂಚಿನಲ್ಲಿ ನಲವತ್ತರ ಗೃಹಿಣಿ, ರಾತ್ರಿ ಪಾಳಿ ಮುಗಿಸಿ ಬಂದ ಗೋದಾಮಿನ ನೌಕರ ಕೂತಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಪಾರ್ಟ್‌ಟೈಮ್ ಓದುವವರು.

ಇಂಥ ಕಾಲೇಜಿನಲ್ಲಿ ಎಷ್ಟು ಜನ ಮುಗಿಸುತ್ತಾರೆ ಎಂದು ಅಳೆಯುವ ಅಧಿಕೃತ ಪಟ್ಟಿ ಬಂದದ್ದು 1990ರ ಒಂದು ಕಾಯ್ದೆಯಿಂದ. ಅದರ ಹೆಸರು ಸ್ಟೂಡೆಂಟ್ ರೈಟ್ ಟು ನೋ ಕಾಯ್ದೆ, ಅಂದರೆ ವಿದ್ಯಾರ್ಥಿಯ ತಿಳಿಯುವ ಹಕ್ಕು. ಅದನ್ನು ಮುಂದಕ್ಕೆ ತಂದವರಲ್ಲಿ ಒಬ್ಬರು ಸೆನೆಟರ್ ಬಿಲ್ ಬ್ರಾಡ್ಲಿ. ಅವರು ಹಿಂದೆ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದವರು. ಆಟಕ್ಕೆಂದು ಕಾಲೇಜಿಗೆ ಕರೆತಂದ ಹುಡುಗರು ಡಿಗ್ರಿ ಪಡೆಯದೆ ಹೊರಬೀಳುತ್ತಿದ್ದಾರೆ ಎಂಬ ಕಳವಳ ಈ ಕಾನೂನಿನ ಹಿಂದಿತ್ತು. ಹೈಸ್ಕೂಲು ಮುಗಿಸಿ ನೇರವಾಗಿ ಬಂದು, ಕಾಲೇಜಿನಲ್ಲೇ ಪೂರ್ಣಾವಧಿ ಇರುವ ಹುಡುಗನಿಗೆ ಆ ಅಳತೆಪಟ್ಟಿ ಸರಿಹೊಂದುತ್ತಿತ್ತು. ಅದೇ ಪಟ್ಟಿಯನ್ನು ಕಮ್ಯುನಿಟಿ ಕಾಲೇಜಿನ ಮುಂದೂ ಹಿಡಿದರು.

ಅಳತೆಯ ನಿಯಮ ಹೀಗಿದೆ. ಜೀವನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಾಗಿರಬೇಕು. ಫುಲ್‌ಟೈಮ್ ಸೇರಿರಬೇಕು. ಡಿಗ್ರಿಯನ್ನೋ ಸರ್ಟಿಫಿಕೇಟನ್ನೋ ಪಡೆಯುವ ಉದ್ದೇಶ ಇರಬೇಕು. ಇವರಲ್ಲಿ ನಿಗದಿತ ಅವಧಿಯ ಶೇ 150ರಷ್ಟು ಕಾಲದೊಳಗೆ, ಅಂದರೆ ಎರಡು ವರ್ಷದ ಕೋರ್ಸಾದರೆ ಮೂರು ವರ್ಷದೊಳಗೆ, ಸೇರಿದ ಕಾಲೇಜಿನಲ್ಲೇ ಮುಗಿಸಿದವರ ಪ್ರಮಾಣವೇ ಪದವಿ ದರ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಎರಡು ವರ್ಷದ ಕಾಲೇಜುಗಳಲ್ಲಿ ಈ ದರ ಒಟ್ಟಾರೆ ಶೇ 30ರ ಆಸುಪಾಸಿನಲ್ಲಿದೆ. ನಡುವೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟಿದವರನ್ನು ಈ ದರದಲ್ಲಿ ಪಾಸಾದವರೆಂದು ಹಿಡಿಯುವುದಿಲ್ಲ. ಅವರಿಗೆ ಬೇರೆಯೇ ಒಂದು ಕಾಲಂ. ಹಾಗಾಗಿ ಹುಡುಗ ಬುದ್ಧಿವಂತನಾಗಿ ಒಂದೂವರೆ ವರ್ಷಕ್ಕೇ ದೊಡ್ಡ ವಿಶ್ವವಿದ್ಯಾಲಯ ಸೇರಿದರೆ ಅವನನ್ನು ಕಳಿಸಿಕೊಟ್ಟ ಕಾಲೇಜಿನ ಪದವಿ ದರ ತಗ್ಗುತ್ತದೆ.

ಲೆಕ್ಕದಿಂದ ಕೈಬಿಡಬಹುದಾದವರ ಪಟ್ಟಿಯೂ ಇದೆ. ತೀರಿಕೊಂಡವರು, ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರು, ಸೈನ್ಯಕ್ಕೆ ಸೇರಿದವರು, ಸರ್ಕಾರದ ವಿದೇಶಿ ನೆರವು ಕಾರ್ಯಕ್ಕೆ ಹೋದವರು, ಚರ್ಚಿನ ಅಧಿಕೃತ ಧರ್ಮಕಾರ್ಯಕ್ಕೆ ಹೋದವರು. ಅಮ್ಮನ ಮಂಡಿ ಆಪರೇಷನ್ನಿಗೆ ಹೋದವರು ಆ ಪಟ್ಟಿಯಲ್ಲಿಲ್ಲ.

ಅಕ್ಕ ಇಲ್ಲಿ ಡಿಗ್ರಿ ಮಾಡಿದವಳಾದ್ದರಿಂದ 'ಮೊದಲ ಸಲ' ಎಂಬ ಷರತ್ತಿಗೇ ಸಿಕ್ಕಲಿಲ್ಲ. ಪಾರ್ಟ್‌ಟೈಮ್ ಆದ್ದರಿಂದ ಎರಡನೆಯದಕ್ಕೂ ಸಿಕ್ಕಲಿಲ್ಲ. ಅವಳು ನಾಳೆಯೇ ಸರ್ಟಿಫಿಕೇಟ್ ತೆಗೆದುಕೊಂಡರೂ ಆ ದರ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಇನ್ನು ಹತ್ತು ವರ್ಷ ಹಿಡಿದರೂ ಕೆಳಗಿಳಿಯುವುದಿಲ್ಲ.

ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. ಅಸೋಸಿಯೇಟ್ ಡಿಗ್ರಿಗೆ ಸಾಮಾನ್ಯವಾಗಿ 60 ಕ್ರೆಡಿಟ್ ಬೇಕು. ಸರ್ಕಾರದ ಶುಲ್ಕ ನೆರವಿನ ನಿಯಮದಲ್ಲಿ ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡವರನ್ನು ಫುಲ್‌ಟೈಮ್ ಎನ್ನುತ್ತಾರೆ. ನಾಲ್ಕು ಸೆಮಿಸ್ಟರ್ ಅಂದರೆ ಹನ್ನೆರಡು ನಾಲ್ಕಲಿ ನಲವತ್ತೆಂಟು. ಅರವತ್ತಕ್ಕೆ ಇನ್ನೂ ಹನ್ನೆರಡು ಕಡಿಮೆ. ಒಂದೂ ವಿಷಯದಲ್ಲಿ ಫೇಲಾಗದೆ, ಒಂದು ದಿನವೂ ತಪ್ಪಿಸದೆ, ಸರ್ಕಾರವೇ ಪೂರ್ಣಾವಧಿ ಎಂದು ಒಪ್ಪಿದಷ್ಟು ಓದಿದರೂ ಎರಡು ವರ್ಷದ ಕೋರ್ಸು ಎರಡು ವರ್ಷಕ್ಕೆ ಮುಗಿಯುವುದಿಲ್ಲ. ಇದನ್ನು ಗಮನಿಸಿ ಹವಾಯಿ ವಿಶ್ವವಿದ್ಯಾಲಯ ಸೆಮಿಸ್ಟರಿಗೆ 15 ಕ್ರೆಡಿಟ್ ತೆಗೆದುಕೊಳ್ಳಿ ಎಂದು ಪ್ರಚಾರಾಂದೋಲನ ನಡೆಸಿತು. ಆಮೇಲೆ ಬೇರೆ ರಾಜ್ಯಗಳೂ ಅದನ್ನು ಹಿಡಿದವು. ಇದರ ಮೇಲೆ, ಗಣಿತ ಮತ್ತು ಇಂಗ್ಲಿಷಿನಲ್ಲಿ ಹಿಂದುಳಿದವರು ಕೂರಬೇಕಾದ ಪೂರ್ವಸಿದ್ಧತಾ ತರಗತಿಗಳು ಬೇರೆ. ಹಣ ಕೊಟ್ಟು, ಸಮಯ ಕೊಟ್ಟು ಅಲ್ಲಿ ಕೂತರೂ ಅವುಗಳ ಕ್ರೆಡಿಟ್ ಸಾಮಾನ್ಯವಾಗಿ ಡಿಗ್ರಿಗೆ ಸೇರುವುದಿಲ್ಲ.

ಹಾಗಾದರೆ ನಿಜಕ್ಕೂ ಎಷ್ಟು ಕಾಲ ಹಿಡಿಯುತ್ತದೆ? ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಎಂಬ ಸಂಸ್ಥೆ 1993ರಿಂದ ಇದೆ. ಬಹುಪಾಲು ಕಾಲೇಜುಗಳು ತಮ್ಮ ಸೇರ್ಪಡೆ ಮಾಹಿತಿಯನ್ನು ಅದಕ್ಕೆ ಕೊಡುವುದರಿಂದ ಒಬ್ಬ ವಿದ್ಯಾರ್ಥಿ ಮೂರು ಕಾಲೇಜು ಬದಲಿಸಿದರೂ ಅವರಿಗೆ ಜಾಡು ಸಿಗುತ್ತದೆ. 2016ರಲ್ಲಿ ಅವರು ಕೊಟ್ಟ ವರದಿಯಲ್ಲಿ ಎರಡು ಅಂಕಿಗಳಿದ್ದವು. ಅಸೋಸಿಯೇಟ್ ಡಿಗ್ರಿ ಪಡೆದವರು ನಿಜವಾಗಿ ಓದಿನಲ್ಲಿ ಕಳೆದ ಕಾಲವನ್ನು ಪೂರ್ಣಾವಧಿ ಲೆಕ್ಕಕ್ಕೆ ತಂದರೆ ಸರಾಸರಿ 3.3 ವರ್ಷ. ಮೊದಲ ದಿನದಿಂದ ಡಿಗ್ರಿ ಸಿಕ್ಕ ದಿನದವರೆಗೆ ಕ್ಯಾಲೆಂಡರಿನಲ್ಲಿ ಕಳೆದದ್ದು ಸರಾಸರಿ 5.6 ವರ್ಷ.

ಎರಡೂ ನಿಜವಾದ ಅಂಕಿಗಳೇ. ನಡುವಿನ ಎರಡು ವರ್ಷ ಚಿಲ್ಲರೆಯಲ್ಲಿ ಬದುಕು ನಡೆದಿರುತ್ತದೆ. ಕೆಲಸ, ಮಗು, ಬಾಡಿಗೆ, ಆಸ್ಪತ್ರೆ, ಅರ್ಧ ಹೊತ್ತಿನ ಓದು, ಓದೇ ಇಲ್ಲದ ಸೆಮಿಸ್ಟರುಗಳು. ಕಾಲೇಜಿನ ಗುಣಮಟ್ಟ ಕೇಳುವವರಿಗೆ ಮೊದಲ ಅಂಕಿ ಬೇಕು. ಸಾಲ ಮಾಡಿ ಓದುವ ಮನೆಯವರಿಗೆ ಎರಡನೆಯದು ಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಅಚ್ಚು ಹಾಕಿದರೆ ಓದುಗ ದಾರಿ ತಪ್ಪುತ್ತಾನೆ.

ಸರಾಸರಿಯ ಒಳಗೆ ಇನ್ನೊಂದು ಮೋಸ ಕೂತಿದೆ. ಮೇಲಿನ ಎರಡೂ ಅಂಕಿಗಳು ಮುಗಿಸಿದವರದ್ದು ಮಾತ್ರ. ಮುಗಿಸದವರಿಗೆ 'ಹಿಡಿದ ಕಾಲ' ಎಂಬುದೇ ಇಲ್ಲ, ಆದ್ದರಿಂದ ಅವರು ಸರಾಸರಿಗೆ ಬರುವುದಿಲ್ಲ. ಈಗ ಒಂದು ಕಾಲೇಜು ನಿಧಾನವಾಗಿ ಓದುವವರನ್ನೆಲ್ಲ ಹೊರಗೆ ಹಾಕಿತು ಎಂದುಕೊಳ್ಳಿ. ಉಳಿದವರು ಬೇಗ ಮುಗಿಸುತ್ತಾರೆ, ಸರಾಸರಿ ಅವಧಿ ಇಳಿಯುತ್ತದೆ, ಕಾಲೇಜು ಸುಧಾರಿಸಿದೆ ಎಂದು ಹೆಡ್ಡಿಂಗ್ ಬರುತ್ತದೆ. ಇನ್ನೊಂದು ಕಾಲೇಜು ಹತ್ತು ವರ್ಷದ ಹಿಂದೆ ಬಿಟ್ಟುಹೋದ ತಾಯಂದಿರನ್ನು ಮನೆಮನೆಗೆ ಹೋಗಿ ಕರೆತಂದು ಡಿಗ್ರಿ ಕೊಡಿಸಿತು ಎಂದುಕೊಳ್ಳಿ. ಅದರ ಸರಾಸರಿ ಅವಧಿ ಏರಿಬಿಡುತ್ತದೆ, ಕಾಲೇಜು ಕೆಟ್ಟಿತು ಎಂದು ಓದಿಸಿಕೊಳ್ಳುತ್ತದೆ. ಎಷ್ಟು ಜನ ಮುಗಿಸಿದರು ಎಂಬುದನ್ನು ಪಕ್ಕದಲ್ಲಿಡದೆ ಎಷ್ಟು ಕಾಲ ಹಿಡಿಯಿತು ಎಂದಷ್ಟೇ ಹೇಳಿದರೆ ಒಳ್ಳೆಯ ಕೆಲಸ ಮಾಡಿದವರಿಗೇ ಪೆಟ್ಟು ಬೀಳುತ್ತದೆ.

ಈ ತೊಡಕನ್ನು ಅಲ್ಲಿ ಕಂಡವರಿದ್ದರು. ಅಮೆರಿಕದ ಶಿಕ್ಷಣ ಇಲಾಖೆಯಲ್ಲಿ ಸಂಶೋಧಕರಾಗಿದ್ದ ಕ್ಲಿಫರ್ಡ್ ಅಡೆಲ್‌ಮನ್ 1999ರಿಂದ ಬರೆದ ವರದಿಗಳಲ್ಲಿ ಸಂಸ್ಥೆಯ ಬೆನ್ನು ಹತ್ತುವ ಬದಲು ವಿದ್ಯಾರ್ಥಿಯ ಬೆನ್ನು ಹತ್ತಿದರು. ಹುಡುಗಿ ಎಲ್ಲಿಗೆ ಹೋದಳು, ಎಲ್ಲಿ ನಿಂತಳು, ಎಲ್ಲಿ ಮತ್ತೆ ಶುರು ಮಾಡಿದಳು ಎಂದು ಅವಳ ಅಂಕಪಟ್ಟಿಗಳನ್ನು ಜೋಡಿಸಿ ನೋಡುವ ಕ್ರಮ ಅದು. ಕ್ಲಿಯರಿಂಗ್‌ಹೌಸ್ ಆರು ವರ್ಷದ ಗಡುವು ಇಟ್ಟು, ಪಾರ್ಟ್‌ಟೈಮಿನವರನ್ನೂ ಸೇರಿಸಿ, ಯಾವ ಕಾಲೇಜಿನಲ್ಲಿ ಮುಗಿಸಿದರೂ ಮುಗಿಸಿದಂತೆ ಎಂದು ಎಣಿಸಿದಾಗ ಕಮ್ಯುನಿಟಿ ಕಾಲೇಜಿನಲ್ಲಿ ಶುರು ಮಾಡಿದವರ ಪ್ರಮಾಣ ಶೇ 40 ದಾಟಿತು. ಸರ್ಕಾರವೂ 2015-16ರಿಂದ ಹೊಸ ಕಾಲಂಗಳನ್ನು ಸೇರಿಸಿತು: ಮೊದಲ ಸಲದವರು, ಮೊದಲೇ ಬೇರೆಡೆ ಓದಿ ಬಂದವರು, ಎರಡರಲ್ಲೂ ಫುಲ್‌ಟೈಮ್ ಮತ್ತು ಪಾರ್ಟ್‌ಟೈಮ್, ಒಟ್ಟು ನಾಲ್ಕು ಗುಂಪು. ಎಂಟು ವರ್ಷದವರೆಗೆ ನೋಡುತ್ತಾರೆ. ಅಕ್ಕನಿಗೂ ಒಂದು ಮನೆ ಸಿಕ್ಕಿತು. ಬೇರೆಡೆ ಓದಿ ಬಂದ ಪಾರ್ಟ್‌ಟೈಮ್ ಗುಂಪು. ಆದರೆ ಸುದ್ದಿಯಲ್ಲಿ ಓಡಾಡುವುದು ಇವತ್ತಿಗೂ ಹಳೆಯ ಮೂರು ವರ್ಷದ ದರವೇ ಹೆಚ್ಚು. ಹೇಳಲು ಅದು ಸುಲಭ.

ಆ ಹೊಸ ಕಾಲಮ್ಮೂ ಅಕ್ಕನ ಇಡೀ ಕತೆ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶಿಶುವಿಹಾರದ ಶಿಕ್ಷಕಿಯಾಗಲು ಬೇಕಾದ ಕನಿಷ್ಠ ಓದು ಈ ವಿಷಯದಲ್ಲಿ 12 ಯೂನಿಟ್. ಅಷ್ಟು ಮುಗಿದ ಕೂಡಲೇ ಅಕ್ಕನಿಗೆ ಕೆಲಸ ಸಿಕ್ಕಿತು. ಸರ್ಟಿಫಿಕೇಟ್ ಇನ್ನೂ ಬಾಕಿ. ಕಾಲೇಜಿನ ಕಡತದಲ್ಲಿ ಅವಳು 'ಪೂರೈಸದವಳು'. ಅವಳ ಸಂಬಳದ ಚೀಟಿ ಬೇರೆ ಮಾತು ಹೇಳುತ್ತದೆ. ಬೇಕಾದ ಎರಡು ಮೂರು ವಿಷಯ ಓದಿ, ಸಂಬಳ ಹೆಚ್ಚಿಸಿಕೊಂಡು ಹೋಗುವ ಇಂಥವರಿಗೆ ಸಂಶೋಧಕ ಪೀಟರ್ ರೈಲಿ ಬಾರ್ 'ಸ್ಕಿಲ್ಸ್ ಬಿಲ್ಡರ್ಸ್' ಎಂಬ ಹೆಸರನ್ನೇ ಬಳಸಿದ್ದಾರೆ. ಕೌಶಲ ಕಟ್ಟಿಕೊಳ್ಳುವವರು ಎನ್ನಬಹುದು.

ಹಾಗೆಂದು ನಿಧಾನವೇ ಚೆಂದ ಎನ್ನಲು ಬರುವುದಿಲ್ಲ. ಅಲ್ಲಿನ ಪೆಲ್ ಎಂಬ ಸರ್ಕಾರಿ ವಿದ್ಯಾರ್ಥಿವೇತನಕ್ಕೆ 2012ರಿಂದ ಜೀವಮಾನದಲ್ಲಿ ಹನ್ನೆರಡು ಪೂರ್ಣ ಸೆಮಿಸ್ಟರಿನಷ್ಟು ಎಂಬ ಮಿತಿ ಇದೆ. ಎಳೆದಷ್ಟೂ ಹಣ ಕರಗುತ್ತದೆ, ಓದು ಮಧ್ಯದಲ್ಲಿ ನಿಲ್ಲುವ ಅಪಾಯ ಹೆಚ್ಚುತ್ತದೆ. ಒಂದಷ್ಟು ಕಾಲೇಜು ಓದಿ ಯಾವ ಪ್ರಮಾಣಪತ್ರವೂ ಇಲ್ಲದ ದುಡಿಯುವ ವಯಸ್ಸಿನವರು ಅಮೆರಿಕದಲ್ಲಿ ಮೂರೂವರೆ ಕೋಟಿಗೂ ಹೆಚ್ಚು. ಆದ್ದರಿಂದ ಕಾಲ ಅಳೆಯಲೇಬೇಕು. ಅಳೆದ ಮೇಲೆ ಏನು ಮಾಡಿದರು ಎಂಬುದು ಮುಖ್ಯ.

ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ಶುರು ಮಾಡಿತು. ವಿದ್ಯಾರ್ಥಿ ಫುಲ್‌ಟೈಮ್ ಓದಬೇಕು. ಬದಲಿಗೆ ಅವನಿಗೆ ಬಸ್ಸು ಮೆಟ್ರೊ ಪಾಸು, ಪಠ್ಯಪುಸ್ತಕದ ನೆರವು, ನೆರವಿಗೆ ಸಾಲದ ಶುಲ್ಕದ ಭರ್ತಿ, ಮತ್ತು ಹೆಸರು ಹಿಡಿದು ಮಾತಾಡಿಸುವ ಒಬ್ಬ ಸಲಹೆಗಾರ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಮೂರು ವರ್ಷದಲ್ಲಿ ಮುಗಿಸಿದವರು ಸಾಮಾನ್ಯ ಗುಂಪಿನಲ್ಲಿ ಶೇ 22, ಈ ಗುಂಪಿನಲ್ಲಿ ಶೇ 40. ತಲಾ ವೆಚ್ಚ ಹೆಚ್ಚಾಯಿತು, ಆದರೆ ಪಡೆದ ಒಂದೊಂದು ಡಿಗ್ರಿಗೆ ಬಿದ್ದ ವೆಚ್ಚ ಕಡಿಮೆಯಾಯಿತು. ವಿದ್ಯಾರ್ಥಿಗಳ ತಲೆಯಲ್ಲಿ ಏನೂ ಬದಲಾಗಿರಲಿಲ್ಲ. ಬಸ್ಸಿನ ಹಣ ಮತ್ತು ಕೇಳುವವರೊಬ್ಬರು ಸಿಕ್ಕಿದ್ದರು.

ಬಸ್ಸು ಎಂದಾಗ ನಮ್ಮೂರು ನೆನಪಾಗದೆ ಇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಇದರಿಂದ ಹಳ್ಳಿಯ ಹುಡುಗಿಯರು ಡಿಗ್ರಿಯನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದು ಹೆಚ್ಚಾಯಿತೇ ಎಂದು ಬರೆಯಬೇಕೆಂದರೆ ಪ್ರಯಾಣಿಕರ ಸಂಖ್ಯೆ ಸಾಲದು. ಆ ವರ್ಷ ಸೇರಿದ ಹುಡುಗಿಯರನ್ನು ಅವರು ಬಿಡುವವರೆಗೂ ಎಣಿಸುತ್ತ ಹೋಗಬೇಕು.

ಇಂಥ ಎಣಿಕೆಗೆ ನಮ್ಮಲ್ಲೂ ಕೆಲವು ಬಾಗಿಲುಗಳಿವೆ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಹೋಗುವ ಕಾಲೇಜುಗಳು ತುಂಬುವ ಮಾಹಿತಿ ಹಾಳೆ ಸಾಮಾನ್ಯವಾಗಿ ಅವುಗಳ ವೆಬ್‌ಸೈಟಿನಲ್ಲೇ ಇರುತ್ತದೆ. ಅದರಲ್ಲಿ ಮೊದಲ ವರ್ಷಕ್ಕೆ ಸೇರಿದವರೆಷ್ಟು, 'ಕನಿಷ್ಠ ನಿಗದಿತ ಅವಧಿಯಲ್ಲಿ' ಪದವಿ ಪಡೆದವರೆಷ್ಟು ಎಂಬ ಕಾಲಂಗಳಿವೆ. ಗಮನಿಸಿ, ಅಮೆರಿಕದವರು ಒಂದೂವರೆ ಪಟ್ಟು ಕಾಲ ಕೊಟ್ಟರು, ಈ ಕಾಲಂ ಒಂದು ಪಟ್ಟು ಮಾತ್ರ ಕೊಡುತ್ತದೆ. ಒಂದು ಪೇಪರ್ ಉಳಿಸಿಕೊಂಡು ಆರು ತಿಂಗಳ ನಂತರ ಪಾಸಾದವರು ಅದರಲ್ಲಿ ಬರುವುದಿಲ್ಲ. ಇತ್ತ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯ ಮೂರು ವರ್ಷದ ಬಿ.ಎ.ಗೆ ಆರು ವರ್ಷದವರೆಗೆ ಅವಕಾಶ ಕೊಡುತ್ತದೆ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಗಳಿಸಿದ ಕ್ರೆಡಿಟ್ಟನ್ನು ಏಳು ವರ್ಷದವರೆಗೆ ಇಟ್ಟುಕೊಳ್ಳುತ್ತದೆ. 2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆದವು. ನಿಧಾನವಾಗಿ ಬರುವವರಿಗೆ ಬಾಗಿಲು ತೆರೆದಿದ್ದೇವೆ. ಸುದ್ದಿ ಮಾತ್ರ ಮೊದಲ ಪರೀಕ್ಷೆಯ ದಿನಕ್ಕೇ ಮುಗಿದುಹೋಗುತ್ತದೆ.

ಅಕ್ಕನ ಪ್ರಶ್ನೆ ಹಿಡಿದು ನಾನೂ ಒಂದು ಸಣ್ಣ ಎಣಿಕೆಗೆ ಕೂತೆ. ನನ್ನ ಪತ್ರಿಕೋದ್ಯಮ ಡಿಪ್ಲೊಮಾ ದೂರಶಿಕ್ಷಣದ್ದು, ಒಂದು ವರ್ಷದ್ದು. ನಾನು ಮೂರು ವರ್ಷಕ್ಕೆ ಮುಗಿಸಿದೆ. ಆಗಲೇ ಸುದ್ದಿ ಕಳಿಸುತ್ತಿದ್ದೆ, ಒಂದು ಪರೀಕ್ಷೆಯ ವಾರ ಚುನಾವಣೆ ಬಂತು, ಇನ್ನೊಂದು ಸಲ ಅಪ್ಪನಿಗೆ ಹುಷಾರಿರಲಿಲ್ಲ. ಅಮೆರಿಕದ ಪಟ್ಟಿಯಲ್ಲಿ ನನಗೆ ಸಿಗುವುದು ಒಂದೂವರೆ ವರ್ಷ. ನಾನು ಪೂರೈಸದವನು. ಗೋಡೆಯ ಮೇಲಿರುವ ಡಿಪ್ಲೊಮಾ ಆ ಲೆಕ್ಕಕ್ಕೆ ಕಾಣುವುದಿಲ್ಲ.

ಸಂಪರ್ಕ ತರಗತಿಯಲ್ಲಿ ಜೊತೆಗಿದ್ದವರ ಹೆಸರು ಬರೆದು ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಮೊದಲ ತೊಡಕು ಪಟ್ಟಿಯಲ್ಲೇ ಬಂತು. ಫೀಸು ಕಟ್ಟಿ ಒಂದು ದಿನವೂ ಬಾರದವರನ್ನು ಸೇರಿಸುವುದೇ? ಒಬ್ಬರು ಎಲ್ಲ ಪೇಪರ್ ಪಾಸಾಗಿ, ಒಂದರಲ್ಲಿ ಉಳಿದು, ಅಷ್ಟರಲ್ಲೇ ಸ್ಥಳೀಯ ಚಾನೆಲ್ಲಿನಲ್ಲಿ ಕೆಲಸ ಸಿಕ್ಕಿ ಅದನ್ನು ಮರೆತೇಬಿಟ್ಟಿದ್ದಾರೆ. ಅವರಿಗೆ ಡಿಪ್ಲೊಮಾ ಇಲ್ಲ, ಡಿಪ್ಲೊಮಾ ಕೊಡಿಸಬೇಕಾಗಿದ್ದ ಕೆಲಸ ಇದೆ. ಇನ್ನೊಬ್ಬಳು ಮೊದಲ ವರ್ಷದಲ್ಲೇ ಚೆನ್ನಾಗಿ ಮುಗಿಸಿ ಈಗ ಗಂಡನ ಅಂಗಡಿ ನೋಡಿಕೊಳ್ಳುತ್ತಾಳೆ. ಯಾವ ಪಟ್ಟಿಯಲ್ಲಾದರೂ ಅವಳೇ ಯಶಸ್ವಿ. ಒಬ್ಬ ಗೆಳೆಯ ಅಪಘಾತದಲ್ಲಿ ಹೋದ. ಅವನನ್ನು ನಿಯಮದ ಪ್ರಕಾರ ಪಟ್ಟಿಯಿಂದ ತೆಗೆಯಬೇಕು. ಹೆಸರಿನ ಮೇಲೆ ಗೀಟು ಎಳೆಯಲು ಕೈ ಬರಲಿಲ್ಲ, ಆವರಣದಲ್ಲಿಟ್ಟೆ. ಮತ್ತೊಬ್ಬಳು ಫೋನೆತ್ತಿದ ಕೂಡಲೇ, "ಅಣ್ಣಾ, ನಂದು ಎರಡು ಪೇಪರ್ ಬಾಕಿ ಇತ್ತಲ್ಲ, ಈಗ ಕಟ್ಟಬಹುದಾ?" ಎಂದಳು. ವಿಚಾರಿಸಿದೆ. ಗರಿಷ್ಠ ಅವಧಿ ಮುಗಿದು ಎರಡು ವರ್ಷವಾಗಿದೆ. ಮತ್ತೆ ಮೊದಲಿನಿಂದ ಸೇರಬೇಕು. ಅವಳ ಗಡುವು ಮುಗಿದದ್ದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ, ಯಾಕೆಂದರೆ ಆ ಗಡುವಿನವರೆಗೆ ಅವಳನ್ನು ಎಣಿಸುತ್ತ ಬಂದವರು ಯಾರೂ ಇರಲಿಲ್ಲ.

ನನಗೆ ಮನದಟ್ಟಾದದ್ದು ಇಷ್ಟು. ಯಾರನ್ನು ಪಟ್ಟಿಗೆ ಸೇರಿಸಿದಿರಿ, ಗಡಿಯಾರ ಯಾವ ದಿನ ಶುರು ಮಾಡಿದಿರಿ, ಯಾವ ದಿನ ನಿಲ್ಲಿಸಿದಿರಿ. ಈ ಮೂರು ಉತ್ತರ ಇಲ್ಲದ ಶೇಕಡಾವಾರು ಅಂಕಿ ಯಾರ ಬಗ್ಗೆ ಮಾತಾಡುತ್ತಿದೆ ಎಂದೇ ಗೊತ್ತಾಗುವುದಿಲ್ಲ. ಜೋಲಿಯೆಟ್ ಇರಲಿ, ಜೇವರ್ಗಿ ಇರಲಿ, ಎಣಿಕೆಯಿಂದ ಮೊದಲು ಹೊರಬೀಳುವವರು ಕೆಲಸ ಮಾಡುತ್ತ, ಮನೆ ನೋಡಿಕೊಳ್ಳುತ್ತ, ಬಿಟ್ಟು ಬಿಟ್ಟು ಓದುವವರೇ. ಅವರನ್ನು ಎಣಿಸದಿದ್ದರೆ ಅವರಿಗೆ ಬಸ್ ಪಾಸ್ ಬೇಕೋ, ಸಂಜೆ ತರಗತಿ ಬೇಕೋ, ಗಡುವು ಹತ್ತಿರವಾಯಿತು ಎಂಬ ಒಂದು ಮೆಸೇಜ್ ಸಾಕೋ ಎಂದು ಕೇಳುವ ಪ್ರಮೇಯವೇ ಹುಟ್ಟುವುದಿಲ್ಲ.

ಈ ಸಲ ಮೊದಲನೆಯದರ ನಂತರದ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಟಾಪರ್ ಫೋಟೊಗೆ ಹೋದಷ್ಟೇ ದೂರ ಬೈಕ್ ಓಡಿಸಿ, ಆ ದಿನ ಪಾಸಾದವರೊಬ್ಬರ ಮನೆಗೂ ಹೋಗಬೇಕೆಂದಿದ್ದೇನೆ. ಡೆಸ್ಕಿನವರು ಮೂರು ಕಾಲಂ ಕೊಡಲಿಕ್ಕಿಲ್ಲ, ಸಿಂಗಲ್ ಕಾಲಂ ಕೇಳುತ್ತೇನೆ. ನಿಮ್ಮ ತಾಲ್ಲೂಕಿನ ಡಿಗ್ರಿ ಕಾಲೇಜಿನ ಎನ್‌ಐಆರ್‌ಎಫ್ ಹಾಳೆ ಸಿಕ್ಕರೆ ಮೊದಲ ಕಾಲಂ ಮತ್ತು ಕೊನೆಯ ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ನಡುವೆ ಎಷ್ಟು ಜನ ಕಾಣೆಯಾಗಿದ್ದಾರೆಂದು ಪ್ರಿನ್ಸಿಪಾಲರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅದೂ ಸುದ್ದಿಯೇ.